ಬಣ್ಣ ಕೊನೆಗೆ ನೋಡಿ: ನಮ್ಮ ಕಾನುಗಳಲ್ಲಿ ನೀಲಗಿರಿ ಕಾಡುಪಾರಿವಾಳವನ್ನು ಗುರುತಿಸುವ ಬಗೆ

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ. ನಮ್ಮ ಸೊಪ್ಪಿನ ಬೆಟ್ಟದ ಆಚೆ, ಕಾನಿನ (ದಟ್ಟ ಹಸಿರು ಕಾಡಿನ) ಅಂಚಿನಿಂದ 'ಹೂ' ಅಂತ ಗಟ್ಟಿಯಾಗಿ ಒಂದು ಕೂಗು ಬಂತು. ಮುಸಿಯ (ಕಪ್ಪು ಮುಖದ ಮಂಗ) ಬಾಳೆಗೊನೆಗೆ ಬಂತು ಅಂದುಕೊಂಡು ನಾನು ಕವಣೆ ಹುಡುಕಿದೆ. ತೋಟದಲ್ಲಿ ಸೋಗೆ ಎಳೆಯುತ್ತಿದ್ದ ಅಪ್ಪ ತಲೆ ಎತ್ತಲೂ ಇಲ್ಲ. "ಅಲ್ದ ತಮಾ, ಅದು ಹಕ್ಕಿ. ಸುಮ್ನೆ ನಿಂತು ಕೇಳು" ಅಂದ.

ಸ್ವಲ್ಪ ಹೊತ್ತಿಗೆ ಮತ್ತೆ ಕೂಗು. ಮೊದಲು ಒಂದು ಗಟ್ಟಿ 'ಹೂ'. ಅದರ ಹಿಂದೆಯೇ ತಗ್ಗಿದ ದನಿಯಲ್ಲಿ, ಗೂಬೆಯ ಹಾಗೆ, 'ಹೂ... ಹೂ... ಹೂ'.

ಅದು ನೀಲಗಿರಿ ಕಾಡುಪಾರಿವಾಳ. ಕೂಗು ಗೊತ್ತಾದ ಮೇಲೂ ಹಕ್ಕಿಯನ್ನು ಸರಿಯಾಗಿ ನೋಡಲು ನನಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷವೂ ನಾನು ಬಣ್ಣವನ್ನೇ ಹುಡುಕುತ್ತಿದ್ದೆ. ಪುಸ್ತಕದ ಚಿತ್ರದಲ್ಲಿ ಕಂದುಗೆಂಪು ಬೆನ್ನು, ಬೂದು ತಲೆ, ಕೆಂಪು ಕಾಲು ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಕಾಡಿನಲ್ಲಿ ಕಾಣುತ್ತಿದ್ದದ್ದು ಆಕಾಶದ ಬೆಳಕಿಗೆ ಅಡ್ಡವಾಗಿ ಕೂತ ಒಂದು ಕಪ್ಪು ಆಕಾರ ಮಾತ್ರ. ಮೂವತ್ತು ಮೀಟರ್ ಎತ್ತರದ ಮರ, ದಟ್ಟ ಎಲೆ, ಮಂಜು. ಅಲ್ಲಿ ಬಣ್ಣ ಸಿಗುವುದೇ ಅಪರೂಪ. ಅದಕ್ಕೇ ಈ ಲೇಖನದ ಕ್ರಮ ತಿರುಗಾಮುರುಗಾ. ಮೊದಲು ಜಾಗ, ಆಮೇಲೆ ಮರ, ಆಮೇಲೆ ಕಿವಿ, ಬಾಲ, ಕತ್ತು. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಹೆಸರು ನೋಡಿ ಮೋಸ ಹೋಗಬೇಡಿ

ನೀಲಗಿರಿ ಅಂತ ಹೆಸರಿದೆ ಎಂದು ಊಟಿಗೆ ಹೋಗಬೇಕಾಗಿಲ್ಲ. ಈ ಹಕ್ಕಿ ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ. ಮಹಾರಾಷ್ಟ್ರದ ಸಹ್ಯಾದ್ರಿಯಿಂದ ಹಿಡಿದು ಕೇರಳ, ತಮಿಳುನಾಡಿನ ದಕ್ಷಿಣದ ಬೆಟ್ಟಗಳವರೆಗೆ ಅದರ ನೆಲೆ. ಘಟ್ಟದಿಂದ ದೂರ ಸರಿದು ಬಿಳಿಗಿರಿರಂಗನ ಬೆಟ್ಟದಲ್ಲಿ ಇದೆ, ಬೆಂಗಳೂರಿನ ಹತ್ತಿರದ ನಂದಿ ಬೆಟ್ಟದ ತುದಿಯಲ್ಲೂ ಇದೆ. ಬಯಲುಸೀಮೆಯ ನಡುವೆ ನಿಂತ ಆ ಒಂದು ಬೆಟ್ಟದ ನೆತ್ತಿಯಲ್ಲಿ ಮರ, ಮಂಜು, ತಂಪು ಉಳಿದಿರುವುದರಿಂದ ಹಕ್ಕಿಯೂ ಉಳಿದಿದೆ. ಇವಿಷ್ಟನ್ನು ಬಿಟ್ಟರೆ ಪ್ರಪಂಚದ ಬೇರೆ ಎಲ್ಲೂ ಈ ಹಕ್ಕಿ ಇಲ್ಲ. ಹತ್ತಿರದ ಸಂಬಂಧಿಗಳಲ್ಲಿ ಒಂದು ಶ್ರೀಲಂಕಾದ ಬೆಟ್ಟಗಳಲ್ಲಿದೆ, ಇನ್ನೊಂದು ಹಿಮಾಲಯದಲ್ಲಿದೆ.

ಇದನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವರು ವಿಲಿಯಂ ಹೆನ್ರಿ ಸೈಕ್ಸ್, 1830ರ ದಶಕದ ಆರಂಭದಲ್ಲಿ. ಅವರು ಹೆಸರಿಟ್ಟದ್ದು 1819ರಿಂದ 1827ರವರೆಗೆ ಬಾಂಬೆಯ ಗವರ್ನರ್ ಆಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಅವರ ನೆನಪಿಗೆ. ವೈಜ್ಞಾನಿಕ ಹೆಸರು ಕೊಲಂಬಾ ಎಲ್ಫಿನ್‌ಸ್ಟೋನಿ. ಹೀಗೆ ವೈಜ್ಞಾನಿಕ ಹೆಸರಲ್ಲಿ ಬಾಂಬೆ ಇದೆ, ರೂಢಿಯ ಹೆಸರಲ್ಲಿ ನೀಲಗಿರಿ ಇದೆ. ನಮ್ಮ ಉತ್ತರ ಕನ್ನಡ ಇರುವುದು ಈ ಎರಡರ ನಡುವೆ.

ಮೊದಲು: ನೀವು ಎಲ್ಲಿ ನಿಂತಿದ್ದೀರಿ?

ಪಾರಿವಾಳಗಳ ವಿಷಯದಲ್ಲಿ ನಮ್ಮ ಜಿಲ್ಲೆಯ ಭಾಗ್ಯ ದೊಡ್ಡದು. ಕಾರವಾರದಿಂದ ಹೊರಟು ಘಟ್ಟ ಹತ್ತಿ ಮುಂಡಗೋಡದ ಕಡೆಗೆ ಇಳಿದರೆ ಒಂದೇ ದಿನದಲ್ಲಿ ಸಮುದ್ರ, ಮಳೆಕಾಡು, ಎಲೆ ಉದುರುವ ಕಾಡು, ಬಯಲು ಎಲ್ಲ ಸಿಗುತ್ತವೆ. ಪ್ರತಿಯೊಂದಕ್ಕೂ ಅದರದ್ದೇ ಪಾರಿವಾಳ. ಜಾಗ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾರವಾರದ ಪೇಟೆ, ಬಂದರು, ದೇವಸ್ಥಾನದ ಮಾಡು, ಇಲ್ಲೆಲ್ಲ ಗುಂಪಾಗಿ ಕಾಣುವುದು ಊರ ಪಾರಿವಾಳ. ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ. ಇದರ ಮೂಲ ಮನೆ ಕಲ್ಲುಬಂಡೆ. ಅದಕ್ಕೇ ಜೋಗದ ಜಲಪಾತದ ಬಂಡೆಸಂದುಗಳಲ್ಲಿ ಇವು ಹಾರಾಡುವುದನ್ನು ನೋಡಿದರೆ ಖುಷಿಯಾಗುತ್ತದೆ. ಪೇಟೆಯ ಕಟ್ಟಡ ಅವಕ್ಕೆ ಇನ್ನೊಂದು ಬಂಡೆ ಅಷ್ಟೇ. ಆದರೆ ಅವು ದಟ್ಟ ಕಾಡಿನ ಮರದ ನೆತ್ತಿಯಲ್ಲಿ ಕೂರುವುದಿಲ್ಲ.

ಗದ್ದೆ ಬಯಲು, ಮನೆ ಅಂಗಳ, ತೋಟದ ದಾರಿ, ಇಲ್ಲಿ ಚುಕ್ಕೆ ಬೆಳವ. ನಮ್ಮ ಕಡೆ ಚೋರೆ ಹಕ್ಕಿ ಅನ್ನುವವರೂ ಇದ್ದಾರೆ. ಮುಂಡಗೋಡ, ಹಳಿಯಾಳದ ಒಣ ಹೊಲಗಳಲ್ಲಿ ಕತ್ತಿನ ಹಿಂದೆ ಕಪ್ಪು ಗೆರೆಯ ಬೆಳವವೂ ಸಿಗುತ್ತದೆ. ಅದೇ ಕಡೆಯ ಎಲೆ ಉದುರುವ ಕಾಡಿನಲ್ಲಿ, ಆಲ ಅರಳಿ ಹಣ್ಣಾದಾಗ, ಹಳದಿ ಕಾಲಿನ ಹಸಿರು ಪಾರಿವಾಳ ಹಿಂಡಾಗಿ ಬರುತ್ತದೆ. ಮಹಾರಾಷ್ಟ್ರದ ರಾಜ್ಯಪಕ್ಷಿ ಅದು.

ನೀಲಗಿರಿ ಕಾಡುಪಾರಿವಾಳ ಬೇಕೆಂದರೆ ನೀವು ಕಾನಿಗೇ ಬರಬೇಕು. ವರ್ಷವಿಡೀ ಹಸಿರಾಗಿರುವ, ನೆಲಕ್ಕೆ ಬಿಸಿಲು ಬೀಳದ, ಹಳೇ ಮರಗಳ ಕಾಡು. ಸಿದ್ದಾಪುರ ತಾಲೂಕಿನ ಕತ್ತಲೆಕಾನು, ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ ಸುತ್ತ, ಜೋಯಿಡಾದ ಅಣಶಿ, ಕ್ಯಾಸಲ್‌ರಾಕ್ ಕಡೆಯ ಕಾಡು, ಇಂಥ ಜಾಗಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ದಕ್ಷಿಣದಲ್ಲಿ ಇದು ಎರಡು ಸಾವಿರ ಮೀಟರ್ ಎತ್ತರದ ಶೋಲಾ ಕಾಡಿನ ಹಕ್ಕಿ. ನಮ್ಮ ಘಟ್ಟ ಅಷ್ಟು ಎತ್ತರ ಇಲ್ಲ. ಶಿರಸಿ ಇರುವುದೇ 600 ಮೀಟರ್ ಹತ್ತಿರ. ಆದರೂ ಇಲ್ಲಿ ಹಕ್ಕಿ ಇದೆ. ಅದು ಎತ್ತರದ ಲೆಕ್ಕ ಇಟ್ಟುಕೊಂಡು ಬದುಕುತ್ತಿಲ್ಲ. ತಂಪು, ನೆರಳು, ಹಣ್ಣು ಇದ್ದರೆ ಅದಕ್ಕೆ ಸಾಕು.

ಅಕೇಶಿಯಾ ನೆಡುತೋಪು, ತೇಗದ ಪ್ಲಾಂಟೇಶನ್, ದೇವಬಾಗದ ಗಾಳಿಮರದ ಸಾಲು, ಇಲ್ಲಿ ಹುಡುಕಿ ಸಮಯ ಹಾಳು ಮಾಡಬೇಡಿ. ದೂರದಿಂದ ಎಲ್ಲ ಹಸಿರೇ. ಆದರೆ ಈ ಹಕ್ಕಿ ನುಂಗುವಂಥ ಹಣ್ಣು ಅಲ್ಲಿಲ್ಲ.

ಎರಡನೆಯದು: ಹಣ್ಣಿನ ಮರ ಹುಡುಕಿ, ಹಕ್ಕಿಯನ್ನಲ್ಲ

ಕಾಡಿನಲ್ಲಿ ತಿರುಗುತ್ತಾ ಪಾರಿವಾಳ ಹುಡುಕಿದರೆ ಸಿಗುವುದು ರೆಕ್ಕೆ ಬಡಿದ ಸದ್ದು ಮಾತ್ರ. ನೀವು ನೋಡುವ ಮೊದಲೇ ಅದು ನಿಮ್ಮನ್ನು ನೋಡಿರುತ್ತದೆ. ಹಣ್ಣಾದ ಮರ ಹುಡುಕಿ, ಅದರಿಂದ ಸ್ವಲ್ಪ ದೂರದಲ್ಲಿ, ಮರದ ನೆತ್ತಿ ಕಾಣುವ ಹಾಗೆ ಕೂತುಬಿಡಿ. ಇಳಿಜಾರಿನ ಮೇಲ್ಭಾಗ ಸಿಕ್ಕರೆ ಇನ್ನೂ ಒಳ್ಳೆಯದು. ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಹಕ್ಕಿಯ ಹಿಂದೆ ಆಕಾಶದ ಬದಲು ಎಲೆ ಇರುತ್ತದೆ. ಘಟ್ಟದ ರಸ್ತೆಯ ತಿರುವುಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ.

ಯಾವ ಮರ? ಅತ್ತಿ, ಗೋಣಿ, ಬಸರಿಯಂಥ ಮರಗಳಿಗೆ ಹಣ್ಣು ತಿನ್ನುವ ಎಲ್ಲ ಪಾರಿವಾಳಗಳೂ ಬರುತ್ತವೆ. ನೇರಳೆಗೂ ಬರುತ್ತವೆ. ಆದರೆ ಕಾಡುಪಾರಿವಾಳಕ್ಕೆ ವಿಶೇಷ ಇಷ್ಟ ದಾಲ್ಚಿನ್ನಿ, ಗುಳಮಾವಿನ ಕುಟುಂಬದ ಮರಗಳ ಹಣ್ಣು. ಒಂದೇ ಬೀಜ, ಮೇಲೆ ತೆಳ್ಳಗೆ ತಿರುಳು. ಹಣ್ಣನ್ನು ಕುಕ್ಕಿ ತಿನ್ನುವುದಿಲ್ಲ, ಇಡಿಯಾಗಿ ನುಂಗುತ್ತದೆ. ತಿರುಳು ಕರಗಿದ ಮೇಲೆ ಬೀಜ ಬೇರೆ ಎಲ್ಲೋ ಬೀಳುತ್ತದೆ.

ನಮ್ಮ ಬೆಟ್ಟದಲ್ಲಿ ಹಕ್ಕಿ ಕೊನೆಗೂ ಕಂಡದ್ದು ಒಂದು ಗುಳಮಾವಿನ ಮರದಲ್ಲಿ. ಅಡಿಕೆ ತೋಟ ಇದ್ದವರಿಗೆ ಗೊತ್ತು, ಸೊಪ್ಪಿನ ಬೆಟ್ಟದ ಮರಗಳನ್ನು ಸೊಪ್ಪಿಗಾಗಿ ಸವರುತ್ತಲೇ ಇರುತ್ತೇವೆ. ಸವರಿದ ಮರ ಎಲೆ ಬಿಡುತ್ತದೆ, ಹಣ್ಣು ಬಿಡುವುದಿಲ್ಲ. ಮರ ನೂರು ಇದ್ದರೂ ಹಕ್ಕಿಗೆ ಊಟ ಇಲ್ಲ. ಅಜ್ಜನ ಕಾಲದಿಂದ ಆ ಒಂದು ಗುಳಮಾವಿಗೆ ನಮ್ಮ ಮನೆಯವರು ಕತ್ತಿ ಹಾಕಿಲ್ಲ. ಯಾಕೆ ಅಂತ ಕೇಳಿದರೆ ಅಪ್ಪ "ಇರಲಿ ಬಿಡು" ಅನ್ನುತ್ತಾನೆ, ಅಷ್ಟೇ. ಹಣ್ಣಾಗುವ ದಿನಗಳಲ್ಲಿ ಅದಕ್ಕೆ ಬರುವ ಹಕ್ಕಿಗಳನ್ನು ನೋಡಿದ ಮೇಲೆ ನಾನೂ ಮತ್ತೆ ಕೇಳಿಲ್ಲ.

ಗುಳಮಾವಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಇದರ ತೊಗಟೆಯ ಪುಡಿ ಊದಿನಕಡ್ಡಿಗೆ ಅಂಟಾಗಿ ಹೋಗುತ್ತದೆ. ಕಾಡಿನಲ್ಲಿ ತೊಗಟೆಯನ್ನು ಕದ್ದು ಸುಲಿಯುತ್ತಾರೆ. ಸುತ್ತಲೂ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಹಾಗೆ ಸುಲಿದ ಮರ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಮರದ ಕೆಳಗೂ ಒಮ್ಮೆ ನೋಡಿ. ಕಾಡುಪಾರಿವಾಳ ಹೆಚ್ಚಾಗಿ ನೆತ್ತಿಯಲ್ಲೇ ಇರುತ್ತದೆ, ಆದರೆ ಬಿದ್ದ ಹಣ್ಣು, ಸಣ್ಣ ಬಸವನಹುಳ, ಹುಳುಹುಪ್ಪಟೆ ಹೆಕ್ಕಲು ನೆಲಕ್ಕೂ ಇಳಿಯುತ್ತದೆ. ಮುಂಜಾನೆ ಕಾಡಿನ ಖಾಲಿ ರಸ್ತೆಯಲ್ಲಿ, ವಾಹನ ಓಡಾಟ ಶುರುವಾಗುವ ಮೊದಲು, ಹೀಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ನೋಟ ಬೇರೆ ಇಲ್ಲ.

ಮೂರನೆಯದು: ಕಿವಿಗೆ ಕೆಲಸ ಕೊಡಿ

ಮಾರ್ಚ್‌ನಿಂದ ಜುಲೈವರೆಗೆ ಇದು ಗೂಡು ಕಟ್ಟುವ ಕಾಲ. ಕೂಗು ಆಗ ಜಾಸ್ತಿ. ಮಳೆ ಹಿಡಿಯುವ ಮೊದಲಿನ ಏಪ್ರಿಲ್, ಮೇ ಕೇಳಲು ಅನುಕೂಲ. ಸೂರ್ಯ ಮೇಲೆ ಬರುವ ಮುಂಚೆ ಹೋಗಿ.

ನಮ್ಮ ಕಾನಿನಲ್ಲಿ ಗೊಂದಲ ಮಾಡುವ ದನಿಗಳು ಕೆಲವೇ. ಮುಸಿಯ 'ಹೂಪ್' ಅಂತ ಕೂಗಿದರೆ ಅದರ ಜೊತೆ ಕೊಂಬೆ ಅಲುಗಾಡುತ್ತದೆ, ಹಿಂಡು ಜಿಗಿಯುವ ಸದ್ದು ಬರುತ್ತದೆ. ಕಾಡುಪಾರಿವಾಳ ಕೂಗಿದಾಗ ಒಂದು ಎಲೆಯೂ ಅಲುಗುವುದಿಲ್ಲ. ಒಂದು ಗಟ್ಟಿ ದನಿ, ಅದರ ಬೆನ್ನಿಗೆ ಮೂರು ನಾಲ್ಕು ತಗ್ಗಿದ ದನಿ, ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಇದಕ್ಕಿಂತ ಆಳದಿಂದ, ಎದೆಯೊಳಗೆ ನಡುಗಿದ ಹಾಗೆ, ಮೊದಲು ಒಂದು ಸಣ್ಣ 'ಟಕ್', ಆಮೇಲೆ 'ಊಂ... ಊಂ' ಅಂತ ಬಂದರೆ ಅದು ಬೇರೆ ಹಕ್ಕಿ, ಬೆಟ್ಟದ ದೊಡ್ಡ ಪಾರಿವಾಳ. ಅದರ ಮಾತು ಮುಂದೆ ಬರುತ್ತದೆ. ಸಿಳ್ಳೆ ಹಾಕಿದ ಹಾಗೆ, ಯಾರೋ ದಾರಿಹೋಕ ಏನನ್ನೋ ಗುನುಗಿದ ಹಾಗೆ ಏರಿಳಿತದ ದನಿ ಬಂದರೆ ಹಸಿರು ಪಾರಿವಾಳ. ನೆಲದ ಹತ್ತಿರದಿಂದ, ಮೂಗಿನಲ್ಲಿ ನರಳಿದ ಹಾಗೆ 'ಹೂಂ' ಅಂದರೆ ಪಚ್ಚೆ ಬೆಳವ.

ಮೊಬೈಲಿನಲ್ಲಿ ಮರ್ಲಿನ್ ಥರದ ಆ್ಯಪ್ ಇದ್ದರೆ ದನಿಗಳನ್ನು ಮನೆಯಲ್ಲೇ ಕೇಳಿ ಕಲಿತುಕೊಳ್ಳಿ. ಕಾಡಿನಲ್ಲಿ ಅದನ್ನು ಗಟ್ಟಿಯಾಗಿ ಹಾಕಿ ಹಕ್ಕಿ ಕರೆಯಬೇಡಿ. ಗೂಡಿನ ಕಾಲದಲ್ಲಿ ಅದು ಬೇರೆ ಗಂಡು ಬಂತು ಅಂತ ಮೊಟ್ಟೆ ಬಿಟ್ಟು ಎದ್ದು ಬರುತ್ತದೆ. ಕಾಡುಪಾರಿವಾಳ ಇಡುವುದು ಒಂದೇ ಒಂದು ಬಿಳಿ ಮೊಟ್ಟೆ. ಗೂಡು ಅಂದರೆ ನಾಲ್ಕು ಕಡ್ಡಿಗಳ ತೆಳ್ಳನೆ ಚಾಪೆ. ತಾಯಿ ಎದ್ದ ಹೊತ್ತಿನಲ್ಲಿ ಮಂಗಟ್ಟೆ ಹಕ್ಕಿಯೋ ಅಳಿಲೋ ಬಂದರೆ ಆ ಗೂಡಿನ ಪಾಡು ಮುಗಿಯಿತು.

ನಾಲ್ಕನೆಯದು: ಬಾಲ

ಹಕ್ಕಿ ಕಂಡಿತು ಅಂತಿಟ್ಟುಕೊಳ್ಳಿ. ಮರದ ನೆತ್ತಿಯಲ್ಲಿ ದೊಡ್ಡ ಪಾರಿವಾಳ, ಕೆಳಗಿನಿಂದ ಕಪ್ಪಾಗಿ ಕಾಣುತ್ತಿದೆ. ಈಗ ಕತ್ತು, ಬೆನ್ನು ಎಲ್ಲ ಬಿಟ್ಟು ಬಾಲದ ತುದಿ ನೋಡಿ.

ಬಾಲ ಪೂರ್ತಿ ಕಪ್ಪು, ತುದಿಯವರೆಗೂ ಒಂದೇ ಗಾಢ ಬಣ್ಣ ಇದ್ದರೆ ಅದು ನೀಲಗಿರಿ ಕಾಡುಪಾರಿವಾಳ ಆಗುವ ಸಾಧ್ಯತೆ ಹೆಚ್ಚು. ಬಾಲದ ತುದಿಯಲ್ಲಿ ಅಗಲವಾದ ಮಾಸಲು ಬೂದು ಪಟ್ಟಿ ಇದ್ದರೆ ಅದು ಬೆಟ್ಟದ ದೊಡ್ಡ ಪಾರಿವಾಳ. ಹಕ್ಕಿ ನೋಡುವವರು ಮೌಂಟೇನ್ ಇಂಪೀರಿಯಲ್ ಪಿಜನ್ ಅನ್ನುತ್ತಾರೆ.

ಇಲ್ಲಿ ನಾನು ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಜಾಸ್ತಿ ತಪ್ಪಾಗುವುದು ಇದೇ ಎರಡರ ನಡುವೆ. ಎರಡೂ ಒಂದೇ ಕಾಡಿನಲ್ಲಿವೆ, ಕೆಲವೊಮ್ಮೆ ಒಂದೇ ಮರದಲ್ಲಿ. ಎರಡಕ್ಕೂ ಬೂದು ತಲೆ, ಎರಡಕ್ಕೂ ಕಂದು ಬೆನ್ನು. ನಾನೇ ಎರಡು ವರ್ಷ ದೊಡ್ಡದನ್ನು ನೋಡಿ ಕಾಡುಪಾರಿವಾಳ ಅಂತ ಬರೆದಿಟ್ಟಿದ್ದೆ. ಅಳತೆಯಲ್ಲಿ ಕಾಡುಪಾರಿವಾಳ 36ರಿಂದ 42 ಸೆಂಟಿಮೀಟರ್, ಊರ ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡದು. ಬೆಟ್ಟದ ದೊಡ್ಡ ಪಾರಿವಾಳ 43ರಿಂದ 51 ಸೆಂಟಿಮೀಟರ್. ಆದರೆ ಮೂವತ್ತು ಮೀಟರ್ ಎತ್ತರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹಿಡಿಯುವುದಿಲ್ಲ, ಪಕ್ಕದಲ್ಲಿ ಹೋಲಿಸಲು ಇನ್ನೊಂದು ಹಕ್ಕಿ ಇಲ್ಲದಿದ್ದರೆ. ಅದಕ್ಕೇ ಅಳತೆ ನಂಬಬೇಡಿ, ಬಾಲ ನಂಬಿ. ಹತ್ತಿರ ಸಿಕ್ಕರೆ ಕಣ್ಣನ್ನೂ ನೋಡಿ. ದೊಡ್ಡದರ ಕಣ್ಣು ಮಾಸಲು ಬಿಳಿ, ಅದರಿಂದ ಮುಖಕ್ಕೆ ದುರುಗುಟ್ಟಿ ನೋಡುವ ಕಳೆ ಬರುತ್ತದೆ.

ಎರಡಕ್ಕೂ ಇನ್ನೊಂದು ವ್ಯತ್ಯಾಸ ಇದೆ, ಅದು ಹಣ್ಣಿನಲ್ಲಿ. ದೊಡ್ಡ ಪಾರಿವಾಳದ ಬಾಯಿ ಹಿಗ್ಗುತ್ತದೆ. ಜಾಯಿಕಾಯಿ ಜಾತಿಯ ರಾಮಪತ್ರೆಯಂಥ ದಪ್ಪ ಬೀಜವನ್ನೂ ಅದು ಇಡಿಯಾಗಿ ನುಂಗಬಲ್ಲದು. ಸಿದ್ದಾಪುರದ ಕಡೆ ರಾಮಪತ್ರೆ ಜಡ್ಡಿಗಳಿವೆ, ವರ್ಷವಿಡೀ ನೀರು ನಿಲ್ಲುವ, ಬೇರುಗಳು ಮೊಣಕಾಲಿನ ಹಾಗೆ ಮಣ್ಣಿನಿಂದ ಮೇಲೆದ್ದ ಜಾಗ. ಅಷ್ಟು ದೊಡ್ಡ ಬೀಜವನ್ನು ಇನ್ನೊಂದು ಜಾಗಕ್ಕೆ ಒಯ್ಯಲು ಮಂಗಟ್ಟೆ, ದೊಡ್ಡ ಪಾರಿವಾಳದಂಥ ಕೆಲವೇ ಹಕ್ಕಿಗಳಿಗೆ ಸಾಧ್ಯ. ಹಾಗಾಗಿ ರಾಮಪತ್ರೆ ಮರದಲ್ಲಿ ಕೆಂಪು ಪತ್ರೆ ಬಾಯಿ ಬಿಟ್ಟ ಹೊತ್ತಿಗೆ ಕಂಡ ಪಾರಿವಾಳವನ್ನು ಮೊದಲು 'ದೊಡ್ಡದು' ಅಂತಲೇ ಅನುಮಾನಿಸಿ, ಆಮೇಲೆ ಬಾಲ ನೋಡಿ.

ಹಸಿರು ಪಾರಿವಾಳಗಳ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅವುಗಳ ಹೊಟ್ಟೆಯೊಳಗಿನ ಗಟ್ಟಿ ಸ್ನಾಯುಚೀಲ ಅತ್ತಿಯ ಬೀಜವನ್ನೂ ಅರೆದು ಹಾಕುತ್ತದೆ. ಹಣ್ಣು ತಿಂದ ಹಕ್ಕಿಗಳೆಲ್ಲ ಕಾಡು ಬೆಳೆಸುತ್ತವೆ ಅಂತ ನಾವು ಸುಲಭವಾಗಿ ಹೇಳುತ್ತೇವೆ, ಅಲ್ವಾ? ನುಂಗಿ ಬಿಡುವುದಕ್ಕೂ ಅರೆಯುವುದಕ್ಕೂ ವ್ಯತ್ಯಾಸ ಇದೆ.

ಐದನೆಯದು: ಕತ್ತಿನ ಚೌಕಳಿ

ಬಾಲ ಕಪ್ಪು ಅಂತ ಖಚಿತವಾಯಿತು. ಈಗ ಹಕ್ಕಿ ತಿರುಗುವವರೆಗೆ ಕಾಯಿರಿ. ಕತ್ತಿನ ಹಿಂಭಾಗದಲ್ಲಿ ಕಪ್ಪು ಗರಿಗಳು, ಒಂದೊಂದರ ತುದಿಗೂ ಬಿಳಿ. ಒಟ್ಟಾಗಿ ನೋಡಿದರೆ ಚದುರಂಗದ ಮಣೆಯ ಹಾಗೆ ಚೌಕಳಿ. ಈ ಗುರುತು ಕಂಡರೆ ಮತ್ತೆ ಅನುಮಾನ ಬೇಡ.

ಒಂದೇ ಒಂದು ಎಚ್ಚರ. ಚುಕ್ಕೆ ಬೆಳವಕ್ಕೂ ಕತ್ತಿನ ಹಿಂದೆ ಕಪ್ಪು ಬಿಳಿ ಚುಕ್ಕೆಗಳಿವೆ. ಹೊಸಬರು ಕಾಡಿನ ದಾರಿಯಲ್ಲಿ ಅದನ್ನು ನೋಡಿ ಕಾಡುಪಾರಿವಾಳ ಅಂದುಬಿಡುತ್ತಾರೆ. ಚುಕ್ಕೆ ಬೆಳವ ಸಣ್ಣದು, ತೆಳ್ಳಗೆ, ಬೆನ್ನಿನ ಮೇಲೂ ಮಾಸಲು ಚುಕ್ಕೆ. ಹಾರಿದಾಗ ಉದ್ದ ಬಾಲದ ಎರಡೂ ಮೂಲೆಯಲ್ಲಿ ಬಿಳಿ ಹೊಳೆಯುತ್ತದೆ. ಅಲ್ಲೂ ಬಾಲವೇ ಕಾಪಾಡುತ್ತದೆ ನೋಡಿ.

ಕೊನೆಗೆ: ಬಣ್ಣ

ಬೆಳಕು ಸರಿಯಾಗಿ ಬಿದ್ದು, ಹಕ್ಕಿ ಹತ್ತಿರ ಇದ್ದರೆ ಈಗ ಬಣ್ಣ ನೋಡುವ ಸಂತೋಷ ನಿಮ್ಮದು. ಗಂಡಿನ ತಲೆ, ಎದೆ ಬೂದಿ ಬಣ್ಣ. ಕತ್ತಿನ ಬದಿಯಲ್ಲಿ ಹಸಿರು, ನೇರಳೆ ಮಿಂಚು, ಹಕ್ಕಿ ತಲೆ ತಿರುಗಿಸಿದಂತೆ ಬದಲಾಗುತ್ತದೆ. ಬೆನ್ನು ಕಂದುಗೆಂಪು. ಹಣ್ಣಾದ ಅಡಿಕೆಯನ್ನು ಒಣಗಿಸಿ ಸುಲಿದಾಗ ಒಳಗೆ ಒಂದು ಬಣ್ಣ ಸಿಗುತ್ತದಲ್ಲ, ನನಗೆ ಅದೇ ನೆನಪಾಗುವುದು. ಕೊಕ್ಕಿನ ಬುಡ ಕೆಂಪು, ತುದಿ ಮಾಸಲು. ಕಾಲು ಕೆಂಪು.

ಹೆಣ್ಣಿನಲ್ಲಿ ಇದೆಲ್ಲ ಸ್ವಲ್ಪ ಮಂಕು. ಬೆನ್ನಿನ ಕೆಂಪು ಕಡಿಮೆ, ನೆತ್ತಿಯ ಬೂದು ಗಂಡಿಗಿಂತ ಗಾಢ, ಗಂಟಲು ಮಾಸಲು. ಜೋಡಿ ಒಟ್ಟಿಗೆ ಕೂತಾಗ ಮಾತ್ರ ಇದು ಸುಲಭ. ಒಂಟಿ ಹಕ್ಕಿ ನೋಡಿ ಗಂಡೋ ಹೆಣ್ಣೋ ಅಂತ ಹಟ ಮಾಡಿ ಬರೆಯಬೇಡಿ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರೆಕ್ಕೆ, ಬೆನ್ನು ಲೋಹದ ಹಾಗೆ ಹೊಳೆಯುವ ಹಸಿರು, ತಲೆ ಹೊಟ್ಟೆ ಬೂದು, ಆಕಾರ ದೊಡ್ಡದು ಅಂದರೆ ಅದು ಗ್ರೀನ್ ಇಂಪೀರಿಯಲ್ ಪಿಜನ್, ತಗ್ಗಿನ ಕಾಡಿನ ಹಕ್ಕಿ. ಸಣ್ಣ ಗಾತ್ರ, ಮೈಯೆಲ್ಲ ಎಲೆ ಹಸಿರು ಅಂದರೆ ಹಸಿರು ಪಾರಿವಾಳಗಳಲ್ಲಿ ಒಂದು. ಅವುಗಳಲ್ಲಿ ಬೆನ್ನು ಕಂದುಗೆಂಪು, ಹಣೆ ಬೂದು, ಕಾಲು ಕೆಂಪು ಇದ್ದ ಗಂಡು ನಮ್ಮ ಘಟ್ಟದ್ದೇ ಹಕ್ಕಿ, ಪಶ್ಚಿಮ ಘಟ್ಟ ಬಿಟ್ಟು ಬೇರೆ ಕಡೆ ಇಲ್ಲ. ಬೆನ್ನು ಹಸಿರೇ ಇದ್ದು ಎದೆಯಲ್ಲಿ ಕಿತ್ತಳೆ ಬಣ್ಣ ಇದ್ದರೆ ಕಿತ್ತಳೆ ಎದೆಯದು. ಕಾಡಿನ ಕಾಲುದಾರಿಯಲ್ಲಿ ನಡೆಯುತ್ತಾ ಇದ್ದು, ನೀವು ಹತ್ತಿರ ಹೋದೊಡನೆ ಸೊಂಟದೆತ್ತರದಲ್ಲಿ ಬಾಣದ ಹಾಗೆ ಹಾರಿ ಹೋಗುವುದು ಪಚ್ಚೆ ಬೆಳವ. ಹಸಿರು ರೆಕ್ಕೆ, ಕೆಂಪು ಕೊಕ್ಕು. ತಮಿಳುನಾಡಿನ ರಾಜ್ಯಪಕ್ಷಿ ಅದು.

ಹೋಗುವ ಮುಂಚೆ ಇವಿಷ್ಟು

ದುರ್ಬೀನು 8×42 (ಎಂಟು ಪಟ್ಟು ಹಿಗ್ಗಿಸುವುದು) ಸಾಕು. ಹೆಚ್ಚು ಹಿಗ್ಗಿಸುವುದು ಕತ್ತಲೆ ಕಾಡಿನಲ್ಲಿ ಕೈ ನಡುಗಿ ಕೆಲಸಕ್ಕೆ ಬರುವುದಿಲ್ಲ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ.

ನವೆಂಬರ್ ಕೊನೆಯಿಂದ ಮೇವರೆಗೆ ಉಣುಗಿನ ಬಗ್ಗೆ ಎಚ್ಚರ ಇರಲಿ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಕಡೆಯೂ ಜನ ಈ ಕಾಯಿಲೆಯಿಂದ ನರಳಿದ್ದಾರೆ. ಮೈ ತುಂಬ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಒಣಗಿದ ದರಲೆಯ (ತರಗೆಲೆಯ) ಮೇಲೆ ಕೂರಬೇಡಿ, ಒಂದು ಸಣ್ಣ ಮಣೆಯೋ ಮಡಚುವ ಕುರ್ಚಿಯೋ ಒಯ್ಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ವೈದ್ಯರಿಗೆ ಕಾಡಿನ ಮಾತನ್ನು ಮೊದಲೇ ಹೇಳಿ. ಮಳೆಗಾಲದಲ್ಲಿ ಉಣುಗಿನ ಬದಲು ಉಂಬಳ. ಅದು ರಕ್ತ ಕುಡಿಯುತ್ತದೆ, ಅಷ್ಟೇ.

ಅಣಶಿ, ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕತ್ತಲೆಕಾನಿನ ಸುತ್ತಲಿನ ಕಾಡೂ ಸಿಂಗಳೀಕಗಳಿಗಾಗಿ ಕಾಯ್ದಿಟ್ಟದ್ದು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನನ್ನ ಮಾತು ಕೇಳಿದರೆ ಒಳಗೆ ಹೋಗುವ ಅಗತ್ಯವೂ ಇಲ್ಲ. ಸಾರ್ವಜನಿಕ ರಸ್ತೆಯ ಬದಿಯಿಂದಲೇ ಒಳ್ಳೆಯ ನೋಟ ಸಿಗುತ್ತದೆ.

ಪಾರಿವಾಳದ ಮಾಂಸಕ್ಕೆ ಹಿಂದೆ ಬಂದೂಕು ಹಿಡಿದು ಹೋಗುವವರಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಅದು ಅಪರಾಧ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲೂ ಈ ಹಕ್ಕಿಯನ್ನು ಅಪಾಯದ ಅಂಚಿಗೆ ಸರಿಯುತ್ತಿರುವ ಜೀವಿಗಳ ಜೊತೆ ಸೇರಿಸಿದ್ದಾರೆ. ಗೂಡಿಗೆ ಒಂದೇ ಮೊಟ್ಟೆಯ ಲೆಕ್ಕದಲ್ಲಿ ಬದುಕುವ ಹಕ್ಕಿ ಒಂದು ಗುಂಡು, ಒಂದು ಕಡಿದ ಮರ ತಾಳಿಕೊಳ್ಳುವುದು ಕಷ್ಟ.

ಬರೆದಿಡಿ

ನೋಡಿದ್ದನ್ನು ಅಲ್ಲೇ ಬರೆಯಿರಿ, ಮನೆಗೆ ಬಂದ ಮೇಲೆ ಅಲ್ಲ. ಮನೆಗೆ ಬಂದು ಪುಸ್ತಕ ತೆರೆದೊಡನೆ ನೆನಪು ಚಿತ್ರದ ಕಡೆಗೆ ವಾಲುತ್ತದೆ. ನೋಡದ ಬಣ್ಣವನ್ನೂ ನೋಡಿದೆ ಅನಿಸುತ್ತದೆ. ನಾನು ಎರಡು ವರ್ಷ ತಪ್ಪು ಬರೆದದ್ದು ಹೀಗೇ.

ದಿನ, ಹೊತ್ತು, ಊರು, ಕಾಡಿನ ಬಗೆ, ಮರ, ಎಷ್ಟು ಹಕ್ಕಿ, ಏನು ಮಾಡುತ್ತಿದ್ದವು. ಆಮೇಲೆ ಬಾಲ, ಕತ್ತು, ಬಣ್ಣ, ಯಾವುದು ಕಂಡಿತೋ ಅದು ಮಾತ್ರ. ಕಾಣದ್ದನ್ನು 'ಕಾಣಲಿಲ್ಲ' ಅಂತಲೇ ಬರೆಯಿರಿ. ಹಕ್ಕಿ ನೋಡಿದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಹಕ್ಕಿಗಳ ನಕ್ಷೆ ಮಾಡುವವರಿಗೂ ಉಪಯೋಗ. ಮರದ ಹೆಸರನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಅದನ್ನು ಬರೆಯುವವರು ಕಡಿಮೆ, ನಮ್ಮ ಕಡೆಯ ಜನಕ್ಕೆ ಮರ ಗೊತ್ತು. ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಹಿತ್ತಿಲ ಹಕ್ಕಿ ಎಣಿಕೆ ನಡೆಯುತ್ತದೆ. ಮೊದಲ ಸಲ ಬರೆಯುವವರಿಗೆ ಅದು ಒಳ್ಳೆಯ ಹೊತ್ತು. ಹಕ್ಕಿ ಸಿಗದ ದಿನವನ್ನೂ ಬರೆಯಿರಿ, ಮರದಲ್ಲಿ ಹಣ್ಣಿತ್ತೋ ಇಲ್ಲವೋ ಎಂಬುದರ ಜೊತೆ.

ನನ್ನ ಪುಸ್ತಕದಲ್ಲಿ ಈ ವರ್ಷದ ಮೊದಲ ಸಾಲು ಹೀಗಿದೆ: 'ಬೆಳಗ್ಗೆ 6:40. ಮನೆಯ ಬೆಟ್ಟ, ಗುಳಮಾವು, ಅರ್ಧ ಹಣ್ಣಾಗಿದೆ. ಎರಡು ಹಕ್ಕಿ. ಒಂದು ಗಟ್ಟಿ, ಮೂರು ತಗ್ಗಿದ ದನಿ. ಬಾಲ ತುದಿಯವರೆಗೂ ಕಪ್ಪು. ಚೌಕಳಿ ಒಂದರಲ್ಲಿ ಕಂಡಿತು. ಬಣ್ಣ ಕಾಣಲಿಲ್ಲ.'